ಹೊಗೆಯ ಹಾದಿ, ಗಣಕದ ಲೆಕ್ಕ

ಊರಿನ ಅಂಚಿನಲ್ಲಿ ಒಂದು ಕಾರ್ಖಾನೆ ಏಳಲಿದೆ ಎಂದಿಟ್ಟುಕೊಳ್ಳಿ. ಇನ್ನೂ ಅಡಿಪಾಯವನ್ನೂ ತೋಡಿಲ್ಲ. ಕಾಗದದ ಮೇಲೆ ಮಾತ್ರ ಅದರ ಚಿಮಣಿ ನಿಂತಿದೆ. ಆ ಚಿಮಣಿಯ ಹೊಗೆ ಯಾವ ದಿಕ್ಕಿಗೆ ಸಾಗೀತು, ಎಷ್ಟು ದೂರದಲ್ಲಿ ನೆಲಕ್ಕಿಳಿದೀತು, ಇಳಿದೆಡೆಯಲ್ಲಿ ಒಂದು ಘನ ಮೀಟರು ಗಾಳಿಯೊಳಗೆ ಎಷ್ಟು ಮೈಕ್ರೋಗ್ರಾಂ ಗಂಧಕದ ಡೈಆಕ್ಸೈಡು ಬೆರೆತೀತು ಎಂಬುದನ್ನು ಇಂದೇ ಹೇಳಬೇಕು. ಹೀಗೆ ಇನ್ನೂ ಹುಟ್ಟದ ಹೊಗೆಯ ಜಾತಕವನ್ನು ಬರೆಯುವ ಕೆಲಸಕ್ಕೆ ವಾಯುಗುಣಮಟ್ಟದ ಮಾದರಿ ರಚನೆ ಎಂದು ಹೆಸರು. ಪಂಚಾಂಗ ನೋಡಿ ಜಾತಕ ಬರೆಯುವವರಿಗೆ ಒಂದು ಅನುಕೂಲವುಂಟು. ಗ್ರಹಗಳು ತಮ್ಮ ಹಾದಿಯನ್ನು ಬಿಟ್ಟು ಕದಲುವುದಿಲ್ಲ. ಗಾಳಿಗೆ ಅಂಥ ನಿಷ್ಠೆಯಿಲ್ಲ.

ಈ ಲೆಕ್ಕವನ್ನು ಈಗ ಗಣಕಯಂತ್ರಗಳು ಮಾಡುತ್ತವೆ. ಅದಕ್ಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಿದ್ಧಪಡಿಸಿ, ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದಾದಂತೆ ಇಟ್ಟಿರುವ ತಂತ್ರಾಂಶವೊಂದಿದೆ. ಅದರ ಹೆಸರು ಏರ್‌ಮಾಡ್. ನಮ್ಮ ದೇಶದ ಪರಿಸರ ವರದಿಗಳಲ್ಲಿಯೂ ಬಹುಮಟ್ಟಿಗೆ ಬಳಕೆಯಾಗುವುದು ಇದೇ. ನಾನು ಹಲವು ವರ್ಷ ಇದನ್ನು ಬಳಸಿದವನು, ಆಮೇಲೆ ಕಿರಿಯರಿಗೆ ಕಲಿಸಿದವನು. ಈ ಹೊತ್ತು ನಿಮ್ಮೆದುರಿಗೆ ಇಡಬೇಕೆಂದಿರುವುದು ಅದರ ಎರಡು ಸಂಗತಿಗಳನ್ನು. ಅದು ಕಾಲಕಾಲಕ್ಕೆ ತಿದ್ದುಪಡಿಗೊಳ್ಳುತ್ತ ಬರುವ ಬಗೆ ಒಂದು; ಅದನ್ನು ಬಳಸುವವರಿಗೆ ಬೇಕಾದ ತರಬೇತಿ ಇನ್ನೊಂದು. ಕೇಳುವುದಕ್ಕೆ ಇವೆರಡೂ ಕಚೇರಿಯ ನಾಲ್ಕು ಗೋಡೆಗಳ ನಡುವಣ ವಿಚಾರಗಳಂತೆ ತೋರುತ್ತವೆ. ಆದರೆ ಲೆಕ್ಕದ ಕೊನೆಯಲ್ಲಿ ಬರುವ ಒಂದೇ ಒಂದು ಅಂಕಿಯನ್ನು ಮುಂದಿಟ್ಟುಕೊಂಡು, ಒಂದು ಊರಿನ ಜನ ಮುಂದಿನ ಮೂವತ್ತು ವರ್ಷ ಯಾವ ಗಾಳಿಯನ್ನು ಉಸಿರಾಡಬೇಕೆಂಬುದು ತೀರ್ಮಾನವಾಗುತ್ತದೆ.

ಹೊಗೆಯ ಲೆಕ್ಕ ಹುಟ್ಟಿದ್ದು ಗಣಕದೊಳಗಲ್ಲ, ಹುಲ್ಲುಗಾವಲಿನಲ್ಲಿ. 1956ರ ಬೇಸಗೆಯಲ್ಲಿ ಅಮೆರಿಕದ ನೆಬ್ರಾಸ್ಕಾ ಪ್ರಾಂತದ ಓನೀಲ್ ಎಂಬ ಊರಿನ ಬಳಿ, ಹಲಗೆಯಂತೆ ಸಮನಾದ ಒಂದು ಬಯಲಿನಲ್ಲಿ, ವಿಜ್ಞಾನಿಗಳು ನೆಲದಿಂದ ಸುಮಾರು ಅರ್ಧ ಮೀಟರು ಎತ್ತರದಲ್ಲಿ ಗಂಧಕದ ಡೈಆಕ್ಸೈಡನ್ನು ಹೊರಬಿಟ್ಟರು. ಗಾಳಿ ಸಾಗುವ ಕಡೆಗೆ 50 ಮೀಟರಿನಿಂದ 800 ಮೀಟರಿನವರೆಗೆ ಐದು ಕಮಾನುಗಳಲ್ಲಿ ಗಾಳಿಯ ಮಾದರಿ ಹಿಡಿಯುವ ಸಾಧನಗಳನ್ನು ನಿಲ್ಲಿಸಿದ್ದರು. ಹಗಲು, ಇರುಳು, ಬಿರುಗಾಳಿ, ಮಂದಮಾರುತ ಎನ್ನದೆ ಸುಮಾರು 70 ಬಾರಿ ಈ ಪ್ರಯೋಗ ನಡೆಯಿತು. ‘ಪ್ರೈರಿ ಗ್ರಾಸ್’ ಎಂದು ಪ್ರಸಿದ್ಧವಾದ ಆ ಪ್ರಯೋಗದ ಅಂಕಿಗಳು ಇಂದಿಗೂ ಹಳತಾಗಿಲ್ಲ. ಅರ್ಧ ಶತಮಾನದ ಬಳಿಕ ಏರ್‌ಮಾಡ್ ಅನ್ನು ಒರೆಗೆ ಹಚ್ಚಿದಾಗ, ಬಳಸಿದ ಒರೆಗಲ್ಲುಗಳಲ್ಲಿ ಅದೂ ಒಂದು.

ಆ ಬಯಲಿನಿಂದ ಎದ್ದು ಬಂದ ಪಾಠ ಸರಳವಾದದ್ದು. ಒಂದೇ ಪ್ರಮಾಣದ ಹೊಗೆ, ಒಂದೇ ವೇಗದ ಗಾಳಿ. ಆದರೂ ನಡುಹಗಲಿನಲ್ಲಿ ಹರಡುವಂತೆ ನಡುರಾತ್ರಿಯಲ್ಲಿ ಹರಡುವುದಿಲ್ಲ. ಕಾದ ನೆಲ ಗಾಳಿಯನ್ನು ಕಡೆಯುತ್ತದೆ. ತಣಿದ ನೆಲ ಅದನ್ನು ಹೆಪ್ಪುಗಟ್ಟಿಸುತ್ತದೆ. ಬ್ರಿಟನ್ನಿನ ಫ್ರಾಂಕ್ ಪ್ಯಾಸ್ಕ್ವಿಲ್ 1961ರಲ್ಲಿ ಗಾಳಿಯ ವೇಗ, ಬಿಸಿಲಿನ ತೀಕ್ಷ್ಣತೆ, ಇರುಳಾದರೆ ಮೋಡದ ಪ್ರಮಾಣ ಇವಿಷ್ಟನ್ನೇ ನೋಡಿ ಹವೆಯನ್ನು ಆರು ವರ್ಗಗಳಾಗಿ ವಿಂಗಡಿಸುವ ಕ್ರಮವೊಂದನ್ನು ಮುಂದಿಟ್ಟರು. ಅದು ಎಷ್ಟು ಸುಲಭವಾಗಿತ್ತೆಂದರೆ, ಕೈಯಲ್ಲೊಂದು ಸ್ಲೈಡ್ ರೂಲ್ ಇದ್ದ ಯಾವ ಇಂಜಿನಿಯರನೂ ಊಟದ ವಿರಾಮದೊಳಗೆ ಲೆಕ್ಕ ಮುಗಿಸಬಹುದಾಗಿತ್ತು. ಸುಲಭವಾದದ್ದು ಬೇಗ ಸಾಯುವುದಿಲ್ಲ. 1979ರಲ್ಲಿ ಬಂದ ಐ.ಎಸ್.ಸಿ. ಎಂಬ ಕಾರ್ಖಾನೆಗಳ ಮಾದರಿ ಆ ಆರು ವರ್ಗಗಳ ಮೇಲೆಯೇ ನಿಂತಿತು. ನಾವೆಲ್ಲ ಕಲಿತದ್ದೂ ಅದನ್ನೇ.

ಹವೆ ಆರು ಮೆಟ್ಟಿಲುಗಳ ಏಣಿಯಲ್ಲ, ಇಳಿಜಾರು ಎಂಬುದು ಬಲ್ಲವರಿಗೆ ಮೊದಲೇ ತಿಳಿದಿತ್ತು. 1970ರ ದಶಕದಲ್ಲಿ ವಿಲಿಸ್ ಮತ್ತು ಡಿಯರ್‌ಡಾರ್ಫ್ ಎಂಬ ವಿಜ್ಞಾನಿಗಳು ನೀರಿನ ತೊಟ್ಟಿಯೊಂದನ್ನು ತಳದಿಂದ ಕಾಯಿಸಿ ನಡುಹಗಲಿನ ಹವೆಯ ಅಣಕು ಕಟ್ಟಿದರು. ಬಿಸಿಯಾದದ್ದು ಕಿರಿದಾದ ಕಂಬಗಳಾಗಿ ರಭಸದಿಂದ ಮೇಲೇರುತ್ತದೆ. ಅದರ ಸುತ್ತ ತಂಪಾದದ್ದು ಅಗಲವಾಗಿ, ನಿಧಾನವಾಗಿ ಕೆಳಗಿಳಿಯುತ್ತದೆ. ಇಳಿಯುವ ಜಾಗವೇ ಹೆಚ್ಚಾದ್ದರಿಂದ, ಎತ್ತರದ ಚಿಮಣಿಯಿಂದ ಹೊರಟ ಹೊಗೆ ಏರುವ ಕಂಬಕ್ಕಿಂತ ಇಳಿಯುವ ಹರವಿಗೆ ಸಿಕ್ಕುವ ಸಂಭವವೇ ಹೆಚ್ಚು. ಎತ್ತರಕ್ಕೆ ಬಿಟ್ಟರೆ ಹೊಗೆ ಎತ್ತರದಲ್ಲೇ ಉಳಿದೀತೆಂದು ನಂಬಿದ್ದವರಿಗೆ ಇದು ಹಿತವಾದ ಸುದ್ದಿಯಾಗಿರಲಿಲ್ಲ. ಹಳೆಯ ಮಾದರಿಯ ಗಂಟೆಯಾಕಾರದ ಒಂದೇ ರೇಖೆಗೆ ಈ ಸತ್ಯ ತಿಳಿದಿರಲಿಲ್ಲ. ಅಮೆರಿಕದ ಹವಾಮಾನ ವಿಜ್ಞಾನ ಸಂಘವೂ ಪರಿಸರ ಸಂರಕ್ಷಣಾ ಸಂಸ್ಥೆಯೂ ಕೂಡಿ 1991ರಲ್ಲಿ ಒಂದು ಸಮಿತಿಯನ್ನು ರಚಿಸಿದವು. ಆ ಸಮಿತಿಯ ದುಡಿಮೆಯ ಫಲವೇ ಏರ್‌ಮಾಡ್. 2005ರ ನವೆಂಬರಿನಲ್ಲಿ ಅದಕ್ಕೆ ಅಧಿಕೃತ ಮಾನ್ಯತೆ ದೊರೆತು, ಹಳೆಯದರಿಂದ ಹೊಸದಕ್ಕೆ ಬರಲು ಒಂದು ವರ್ಷದ ಅವಕಾಶ ಕೊಡಲಾಯಿತು.

ಈಗ ತಿದ್ದುಪಡಿಯ ಮಾತು. ಏರ್‌ಮಾಡ್‌ನ ಪ್ರತಿಯೊಂದು ಆವೃತ್ತಿಗೂ ಐದು ಅಂಕಿಗಳ ಒಂದು ಹೆಸರಿದೆ. ಮೊದಲಿನ ಎರಡು ವರ್ಷವನ್ನೂ, ಉಳಿದ ಮೂರು ಆ ವರ್ಷದ ಎಷ್ಟನೆಯ ದಿನವೆಂಬುದನ್ನೂ ಹೇಳುತ್ತವೆ. 12345 ಎಂದರೆ ಮಕ್ಕಳಾಟದ ಸಂಖ್ಯೆಯಲ್ಲ. 2012ರ 345ನೆಯ ದಿನ, ಅಂದರೆ ಡಿಸೆಂಬರ್ 10. ಹಾಗೆಯೇ 21112 ಎಂಬುದು 2021ರ ಏಪ್ರಿಲ್ 22; 24142 ಎಂಬುದು 2024ರ ಮೇ 21. ಉತ್ತರದ ಪ್ರತಿ ಪುಟದ ನೆತ್ತಿಯ ಮೇಲೆಯೂ ಈ ಸಂಖ್ಯೆ ಅಚ್ಚಾಗಿರುತ್ತದೆ. ವರದಿಯೊಂದು ನನ್ನ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಆ ಐದು ಅಂಕಿಗಳನ್ನು, ಆಮೇಲೆ ಉತ್ತರವನ್ನು. ಏಕೆಂದರೆ ಅದೇ ಚಿಮಣಿ, ಅದೇ ಕಲ್ಲಿದ್ದಲು, ಅದೇ ಊರು, ಅದೇ ವರ್ಷದ ಗಾಳಿ ಇದ್ದರೂ ಆವೃತ್ತಿ ಬದಲಾದರೆ ಉತ್ತರ ಬದಲಾಗಬಹುದು.

ಇದನ್ನು ಕೇಳಿ ಕೆಲವರು ನಗುತ್ತಾರೆ. ಹಾಗಾದರೆ ನಿಮ್ಮ ಗಣಕ ಹೇಳುವುದು ಎಂದು ನಿಜ, ಎಂದು ಸುಳ್ಳು ಎನ್ನುತ್ತಾರೆ. ಅವರಿಗಾಗಿ ನಿಶ್ಚಲ ಗಾಳಿಯ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಹೊಗೆಯ ಸೂತ್ರದಲ್ಲಿ ಗಾಳಿಯ ವೇಗ ಛೇದದಲ್ಲಿರುತ್ತದೆ. ವೇಗ ಸೊನ್ನೆಯಾದರೆ ಭಾಗಿಸುವಂತಿಲ್ಲ. ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಆದ್ದರಿಂದ ಗಾಳಿ ಬೀಸದ ಗಂಟೆಗಳನ್ನು ಮಾದರಿ ಬಿಟ್ಟುಬಿಡುತ್ತದೆ. ಅಮೆರಿಕದ ವಿಮಾನ ನಿಲ್ದಾಣಗಳ ಹವಾಮಾನ ವರದಿಗಳಲ್ಲಿ 3 ನಾಟ್‌ಗಿಂತ ಕಡಿಮೆ ವೇಗವಿದ್ದ ಗಾಳಿಯನ್ನು ‘ನಿಶ್ಚಲ’ವೆಂದೇ ದಾಖಲಿಸುವುದು ರೂಢಿ. ವಿಮಾನ ಇಳಿಸುವವನಿಗೆ ಅಷ್ಟು ಸಾಕು. ಆದರೆ ಹೊಗೆ ಕದಲದೆ ಊರಿನ ಮೇಲೆ ಕುಳಿತುಕೊಳ್ಳುವುದು ಅಂಥ ಗಂಟೆಗಳಲ್ಲಿಯೇ. ಬೇಡವೆಂದು ಬಿಟ್ಟ ಗಂಟೆಗಳಲ್ಲೇ ಅತ್ಯಂತ ಕೆಟ್ಟ ಗಂಟೆಗಳೂ ಅಡಗಿದ್ದವು.

2010ರಲ್ಲಿ ಆ ದೇಶ ಸಾರಜನಕದ ಡೈಆಕ್ಸೈಡಿಗೂ ಗಂಧಕದ ಡೈಆಕ್ಸೈಡಿಗೂ ಒಂದು ಗಂಟೆಯ ಮಿತಿಗಳನ್ನು ಹೊಸದಾಗಿ ಗೊತ್ತುಪಡಿಸಿತು. ಅಲ್ಲಿಂದ ಮುಂದೆ ವರ್ಷದ ಸರಾಸರಿಯ ಸೆರಗಿನಲ್ಲಿ ಕೆಟ್ಟ ಗಂಟೆಯೊಂದು ಮರೆಯಾಗುವಂತಿರಲಿಲ್ಲ. 2011ರಲ್ಲಿ ನಿಮಿಷ ನಿಮಿಷದ ಗಾಳಿಯ ದಾಖಲೆಯನ್ನು ಓದಿ ಗಂಟೆಯ ಸರಾಸರಿಯನ್ನು ಕಟ್ಟುವ ಉಪಕರಣವೊಂದನ್ನು ಏರ್‌ಮಾಡ್‌ನ ಜೊತೆಗೆ ಸೇರಿಸಿದರು. ನಿಶ್ಚಲವೆಂದು ಕೈಬಿಟ್ಟಿದ್ದ ಗಂಟೆಗಳು ಮಂದಗಾಳಿಯ ಗಂಟೆಗಳಾಗಿ ಹಿಂದಿರುಗಿದವು. ಅನೇಕ ಕಡೆ ಉತ್ತರಗಳು ಜಿಗಿದವು. ಕಾರ್ಖಾನೆಗಳವರು ಕೂಗೆಬ್ಬಿಸಿದರು. ಅವರ ಕೂಗಿನಲ್ಲಿ ಸ್ವಾರ್ಥವಿತ್ತು, ಆದರೆ ಬರಿಯ ಸ್ವಾರ್ಥವಷ್ಟೇ ಇರಲಿಲ್ಲ. ಪರೀಕ್ಷಿಸಿ ನೋಡಿದಾಗ, ತಣ್ಣನೆಯ ಇರುಳುಗಳ ಮಂದಗಾಳಿಯಲ್ಲಿ ನೆಲಕ್ಕೂ ಗಾಳಿಗೂ ನಡೆಯುವ ಘರ್ಷಣೆಯನ್ನು ಮಾದರಿ ಇರುವುದಕ್ಕಿಂತ ಕಡಿಮೆಯೆಂದು ಎಣಿಸುತ್ತಿದೆ, ಅದರಿಂದ ಹೊಗೆಯ ಸಾಂದ್ರತೆ ಇರಬೇಕಾದುದಕ್ಕಿಂತ ಹೆಚ್ಚಾಗಿ ಬರುತ್ತಿದೆ ಎಂಬುದು ತಿಳಿಯಿತು. ಅದಕ್ಕೊಂದು ತಿದ್ದುಪಡಿಯನ್ನು 12345ನೆಯ ಆವೃತ್ತಿಯಲ್ಲಿ ಪ್ರಯೋಗಾರ್ಥವಾಗಿ ಇಟ್ಟರು. ಐಡಾಹೋ ಫಾಲ್ಸ್ ಮತ್ತು ಓಕ್ ರಿಡ್ಜ್ ಎಂಬಲ್ಲಿ 1974ರಲ್ಲಿ ನಡೆದಿದ್ದ ಮಂದಗಾಳಿಯ ಪ್ರಯೋಗಗಳ ಅಂಕಿಗಳೊಡನೆ ಅದನ್ನು ಹೋಲಿಸಿ ನೋಡಿದರು. ಅದು ನಿಯಮಬದ್ಧ ಬಳಕೆಗೆ ಅಂಗೀಕೃತವಾದದ್ದು 2017ರಲ್ಲಿ.

ಒಂದು ತಿದ್ದುಪಡಿ ಮರೆಯಲ್ಲಿದ್ದುದನ್ನು ಬೆಳಕಿಗೆ ತಂದಿತು. ಇನ್ನೊಂದು, ಆ ಬೆಳಕು ಹಿಗ್ಗಿಸಿ ತೋರಿಸಿದ್ದನ್ನು ಸರಿಯಾದ ಅಳತೆಗೆ ತಂದಿತು. ಈ ನಡುವಣ ಆರು ವರ್ಷಗಳಲ್ಲಿ ಮಾದರಿಯನ್ನು ಓಡಿಸಿದವನಿಗೆ ಯಾವ ಆವೃತ್ತಿಯಲ್ಲಿ ಏನಿದೆ, ಏನಿಲ್ಲ ಎಂಬುದು ಗೊತ್ತಿರದಿದ್ದರೆ ಅವನ ಅಂಕಿಗೆ ಅರ್ಥವೇ ಇರುತ್ತಿರಲಿಲ್ಲ. ಪ್ರತಿ ಆವೃತ್ತಿಯ ಜೊತೆಗೂ ಬದಲಾವಣೆಗಳ ಪ್ರಕಟಣೆಯೊಂದು ಬರುತ್ತದೆ: ಯಾವ ದೋಷವನ್ನು ತಿದ್ದಿದೆ, ಯಾವುದನ್ನು ಹೊಸದಾಗಿ ಸೇರಿಸಿದೆ, ಯಾವುದು ಇನ್ನೂ ಪರೀಕ್ಷೆಯಲ್ಲಿದೆ ಎಂದೆಲ್ಲ ಅದರಲ್ಲಿ ಒಪ್ಪಿಕೊಂಡಿರುತ್ತಾರೆ. ತಪ್ಪನ್ನು ಹೀಗೆ ಸಂಖ್ಯೆ ಹಾಕಿ ಅಚ್ಚುಮಾಡಿ ಹಂಚುವ ಸಂಸ್ಥೆಯ ಮೇಲೆ ನನಗಂತೂ ಗೌರವ ಹೆಚ್ಚುತ್ತದೆ. ಆದರೆ ಆ ಪ್ರಕಟಣೆಯನ್ನು ಪೂರ್ತಿಯಾಗಿ ಓದಿದವರು ನನ್ನ ತರಗತಿಗಳಲ್ಲಿ ಸಿಕ್ಕದ್ದು ಬಲು ವಿರಳ.

ನಮ್ಮ ದೇಶದಲ್ಲಿ 1994ರ ಅಧಿಸೂಚನೆಯಿಂದ ದೊಡ್ಡ ಉದ್ಯಮಗಳಿಗೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಯಿತು. 2006ರಲ್ಲಿ ಅದರ ಜಾಗಕ್ಕೆ ಇನ್ನೊಂದು ಅಧಿಸೂಚನೆ ಬಂತು. ಅದರಂತೆ ವರದಿಯ ಸಾರಾಂಶ ಆಯಾ ನಾಡಿನ ಭಾಷೆಯಲ್ಲೂ ಇರಬೇಕು, ಸಾರ್ವಜನಿಕ ವಿಚಾರಣೆ ನಡೆಯಬೇಕು. ಹೀಗಾಗಿ ನೆಬ್ರಾಸ್ಕಾದ ಹುಲ್ಲುಗಾವಲಿನಲ್ಲಿ ಮೊಳೆತ ಲೆಕ್ಕ, ಉತ್ತರ ಕ್ಯಾರೊಲೈನಾದಲ್ಲಿ ಗಣಕದ ಭಾಷೆಗೆ ಇಳಿದು, ನಮ್ಮ ಬಯಲುಸೀಮೆಯ ಶಾಮಿಯಾನದ ಕೆಳಗೆ ಕನ್ನಡದಲ್ಲಿ ಓದಲ್ಪಡುತ್ತದೆ. ಬೆಲೆಯಿಲ್ಲದೆ ಸಿಗುವ ಮೂಲ ತಂತ್ರಾಂಶದ ಮೇಲೆ ಬಣ್ಣಬಣ್ಣದ ಕಿಟಕಿಗಳನ್ನು ಹೊದಿಸಿ ಮಾರುವ ಕಂಪನಿಗಳಿವೆ. ಅವು ಕೆಲಸವನ್ನು ಹಗುರ ಮಾಡುತ್ತವೆ ಎಂಬುದು ನಿಜ. ತರಬೇತಿ ಎಂಬ ಹೆಸರಿನಲ್ಲಿ ಎರಡು ದಿನ ಹೇಳಿಕೊಡುವುದು ಬಹುತೇಕ ಆ ಕಿಟಕಿಗಳ ಗುಂಡಿಗಳನ್ನೇ.

ಗುಂಡಿ ಕಲಿತವರಿಗೆ ಏನಾಗುತ್ತದೆಂದು ನೋಡಿ. ನೆಲದ ಗುಣವನ್ನು ಹೇಳುವಾಗ ಋತುವನ್ನೂ ಹೇಳಬೇಕು. ಅಮೆರಿಕದವರು ತಮ್ಮ ನೆಲಕ್ಕೆ ಹೊಂದಿದ ಐದು ಋತುಸ್ಥಿತಿಗಳನ್ನು ಇಟ್ಟಿದ್ದಾರೆ. ಅವುಗಳಲ್ಲಿ ಒಂದು, ನೆಲದ ಮೇಲೆ ಹಿಮ ಎಡೆಬಿಡದೆ ಹಾಸಿಕೊಂಡಿರುವ ಚಳಿಗಾಲ. ನಮ್ಮ ಸಂಡೂರಿನ ಆಸುಪಾಸಿಗೆ ಡಿಸೆಂಬರ್ ತಿಂಗಳಲ್ಲಿ ಹಿಮ ಸುರಿಸಿದ ಶಿಷ್ಯನೊಬ್ಬ ನನಗಿದ್ದ! ಅವನನ್ನು ಗದರಿಸಲಿಲ್ಲ. ಡಿಸೆಂಬರ್ ಎಂದರೆ ಚಳಿಗಾಲ, ಚಳಿಗಾಲವೆಂದರೆ ಆ ಗುಂಡಿ. ಅವನಿಗೆ ಯಾರೂ ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ. ಹಿಮ ಬಿಸಿಲನ್ನು ಹಿಂದಕ್ಕೆಸೆಯುತ್ತದೆ, ಆಗ ನೆಲ ಕಾಯುವುದಿಲ್ಲ, ಹೊಗೆ ಕಲಕುವುದಿಲ್ಲ. ಒಂದು ಆಯ್ಕೆಯಿಂದ ಇಡೀ ಹಗಲೇ ಸುಳ್ಳಾಗುತ್ತದೆ.

ಹಿಮದ ತಪ್ಪು ಕಣ್ಣಿಗೆ ರಾಚುತ್ತದೆ. ತೇವದ ತಪ್ಪು ಹಾಗಲ್ಲ. ನೆಲಕ್ಕೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಗಾಳಿಯನ್ನು ಕಾಯಿಸುತ್ತದೆ, ಎಷ್ಟು ಪಾಲು ನೀರನ್ನು ಆವಿಮಾಡುವುದರಲ್ಲಿ ಮುಗಿಯುತ್ತದೆ ಎಂಬ ಪ್ರಮಾಣವನ್ನು ನಾವೇ ತುಂಬಬೇಕು. ಅಮೆರಿಕದವರಿಗೆ ಇದನ್ನು ತಮ್ಮ ಭೂಬಳಕೆಯ ನಕಾಶೆಯಿಂದ ಎಣಿಸಿಕೊಡುವ ಉಪಕರಣವಿದೆ. ಆ ನಕಾಶೆ ಅವರ ದೇಶದ ಗಡಿಯಲ್ಲಿ ಮುಗಿಯುತ್ತದೆ. ಫೆಬ್ರವರಿಯಲ್ಲಿ ತುಂಗಭದ್ರಾ ಕಾಲುವೆಯ ಕೆಳಗಿನ ಭತ್ತದ ಗದ್ದೆ ನೀರು ನಿಂತು ಮಿನುಗುತ್ತಿರುತ್ತದೆ. ಅದೇ ಸೀಮೆಯ ಮಳೆಯಾಧಾರದ ಎರೆಹೊಲ ಬಿರುಕುಬಿಟ್ಟು ಬಾಯ್ದೆರೆದಿರುತ್ತದೆ. ಒಂದೇ ಬಿಸಿಲು, ಎರಡು ಹವೆ. ಇದನ್ನು ಹೇಳುವುದಕ್ಕೆ ಹೊಲದ ಬದುವಿನಲ್ಲಿ ನಿಂತು ನೋಡಿದವನೇ ಬೇಕು.

ಗಡಿಯಾರದ ವಿಷಯವೂ ಇಂಥದ್ದೇ. ಬಲೂನು ಹಾರಿಸಿ ಪಡೆದ ಮೇಲುಹವೆಯ ದಾಖಲೆ ಗ್ರೀನಿಚ್ ಕಾಲದಲ್ಲಿರುತ್ತದೆ. ಅಮೆರಿಕದ ಗಡಿಯಾರ ಅದಕ್ಕಿಂತ ಹಿಂದೆ. ನಮ್ಮದು ಐದೂವರೆ ಗಂಟೆ ಮುಂದೆ. ಕೂಡುವ ಚಿಹ್ನೆಯ ಬದಲು ಕಳೆಯುವ ಚಿಹ್ನೆ ಬಿದ್ದರೆ ನಸುಕಿನ ಬಲೂನು ಸಂಜೆಯದಾಗಿಬಿಡುತ್ತದೆ.

ಇನ್ನು ನನ್ನ ತಪ್ಪಿನ ಕತೆ. ಶಿಷ್ಯರದನ್ನು ಹೇಳಿ ಇದನ್ನು ಬಚ್ಚಿಡುವುದು ನ್ಯಾಯವಲ್ಲ.

ಕನ್ನಡದಲ್ಲಿ ಮೂಡಣ ಗಾಳಿ ಎಂದರೆ ಮೂಡಲಿನಿಂದ ಬರುವ ಗಾಳಿ. ಹವಾಮಾನ ಶಾಸ್ತ್ರಜ್ಞರ ರೂಢಿಯೂ ಅದೇ. ಗಾಳಿಯ ಹೆಸರು ಅದು ಹೊರಟ ದಿಕ್ಕಿನದು. ಹಳೆಯ ಐ.ಎಸ್.ಸಿ. ಮಾದರಿ ಮಾತ್ರ ಗಾಳಿ ಎತ್ತ ಹೋಗುತ್ತದೆಂಬುದನ್ನು ಕೇಳುತ್ತಿತ್ತು. ಆದ್ದರಿಂದ ಹವಾಮಾನ ಕೇಂದ್ರದ ಅಂಕಿಗೆ 180 ಡಿಗ್ರಿ ಕೂಡಿಸಿ ತುಂಬುವುದು ನಮ್ಮ ನಿತ್ಯಕರ್ಮವಾಗಿತ್ತು; ಸಂಧ್ಯಾವಂದನೆಯ ಮಂತ್ರದಂತೆ ಅರ್ಥ ಮರೆತು ಕೈ ಮಾತ್ರ ನಡೆಯುತ್ತಿತ್ತು. ಏರ್‌ಮಾಡ್ ಬಂದಾಗ ಈ ವಕ್ರತೆಯನ್ನು ಬಿಟ್ಟು, ಎಲ್ಲಿಂದ ಬರುತ್ತದೆ ಎಂಬುದನ್ನೇ ಕೇಳಿತು. ನಾನು ಕೈಪಿಡಿಯ ಆ ಪುಟವನ್ನು ಓದಿರಲಿಲ್ಲ. ಬಯಲುಸೀಮೆಯ ಒಂದು ಊರಿನ ಮೂಡಲಿಗೆ ಬರಲಿದ್ದ ಚಿಮಣಿಯ ಲೆಕ್ಕವನ್ನು ಹೊಸ ತಂತ್ರಾಂಶದಲ್ಲಿ ಮಾಡಿದೆ. ಕೈ ತನ್ನ ಪಾಡಿಗೆ ತಾನು 180 ಕೂಡಿಸಿತು. ಹೊಗೆಯೆಲ್ಲ ಮೂಡಲ ಗುಡ್ಡದ ಕಡೆಗೆ ಸಾಗಿ, ಊರು ತಿಳಿಯಾಗಿ ಉಳಿಯಿತು. ಬಣ್ಣದ ನಕಾಶೆ ಬಲು ಚೆನ್ನಾಗಿತ್ತು. ಅದನ್ನು ಹಿಡಿದು ಸ್ಥಳ ನೋಡಲು ಹೋದಾಗ, ಕಣದಲ್ಲಿ ರಾಶಿ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಉತ್ಸಾಹದಿಂದ ಬಿಚ್ಚಿ ತೋರಿಸಿದೆ. ಅವರಿಗೆ ನಕಾಶೆ ಓದಲು ಬರುತ್ತಿರಲಿಲ್ಲ. ಗುಡ್ಡ ಯಾವುದು, ಊರು ಯಾವುದು ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಅಂದರು: “ಸ್ವಾಮಿ, ಸುಗ್ಗಿಯಲ್ಲಿ ನಾವು ತೂರಿದ ಹೊಟ್ಟು ಊರ ಮೇಲೇ ಬರುತ್ತದೆ. ನಿಮ್ಮ ಹೊಗೆ ಮಾತ್ರ ಗುಡ್ಡಕ್ಕೆ ಹೋಗುತ್ತದೆಯೆ?”

ಅವರ ಮೊರದಿಂದ ಜಾರಿದ ಹೊಟ್ಟು ಆ ಕ್ಷಣದಲ್ಲಿಯೂ ಊರಿನ ಕಡೆಗೇ ತೇಲುತ್ತಿತ್ತು. ವರದಿ ಇನ್ನೂ ನನ್ನ ಚೀಲದಲ್ಲಿತ್ತೆಂಬುದೊಂದೇ ಸಮಾಧಾನ. ಅಂದು ರಾತ್ರಿ ಲೆಕ್ಕವನ್ನು ಮತ್ತೆ ಮಾಡಿದೆ. ಗುಡ್ಡದ ಮೇಲಿದ್ದ ಕೆಂಪು ಬಣ್ಣ ಊರ ಶಾಲೆಯ ಮೇಲೆ ಬಂದು ನಿಂತಿತು. ಚಿಮಣಿಯ ಜಾಗವೂ ಎತ್ತರವೂ ಚರ್ಚೆಗೆ ಬಂದವು. ಅದು ಬೇರೆ ಕತೆ.

ಆ ಹಿರಿಯರು ಇರದಿದ್ದರೆ ಎಂಬ ಯೋಚನೆ ನನ್ನನ್ನು ಬಹಳ ಕಾಲ ಬಿಡಲಿಲ್ಲ. ಗಣಕ ತಪ್ಪಿರಲಿಲ್ಲ, ನಾನು ಕೊಟ್ಟ ಗಾಳಿಗೆ ಸರಿಯಾದ ಉತ್ತರವನ್ನೇ ಅದು ಕೊಟ್ಟಿತ್ತು. ಏರ್‌ಮಾಡ್ ತನಗೆ ಕೊಟ್ಟ ಹವಾಮಾನ ಕಡತ ಹಳೆಯ ಆವೃತ್ತಿಯಲ್ಲಿ ಸಿದ್ಧವಾಗಿದ್ದರೆ ಎಚ್ಚರಿಸುತ್ತದೆ. ಆದರೆ ಬಳಸುವವನ ತಲೆಯಲ್ಲಿರುವ ಆವೃತ್ತಿ ಯಾವ ಕಾಲದ್ದೆಂದು ಕೇಳುವ ಸೂಚನೆ ಅದರಲ್ಲಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಕೆಲವರಿಗೆ ರುಚಿಸದಿದ್ದರೂ ಸರಿ. ಅಮೆರಿಕದ ಮಾರ್ಗಸೂಚಿ ಹತ್ತಿರದ ಹವಾಮಾನ ಕೇಂದ್ರದ ಐದು ವರ್ಷಗಳ ದಾಖಲೆಯನ್ನೋ, ಆ ಸ್ಥಳದಲ್ಲಿಯೇ ಅಳೆದ ಕನಿಷ್ಠ ಒಂದು ವರ್ಷದ ದಾಖಲೆಯನ್ನೋ ಕೇಳುತ್ತದೆ. ನಮ್ಮ ಅನೇಕ ವರದಿಗಳು ಮಳೆಗಾಲವನ್ನು ಬಿಟ್ಟು ಮೂರು ತಿಂಗಳ ಗಾಳಿಯನ್ನು ಅಳೆದು ಮುಗಿಸುತ್ತವೆ. ಮೂಡಣ ಗಾಳಿಯ ಕಾಲದಲ್ಲಿ ಅಳೆದರೆ ಪಡುವಣ ಗಾಳಿಯ ಕಡೆಯ ಊರಿಗೆ ಲೆಕ್ಕವೇ ಇಲ್ಲ. ತಂತ್ರಾಂಶವನ್ನು 2024ರದಕ್ಕೆ ಏರಿಸಿ, ಗಾಳಿಯನ್ನು ಮಾತ್ರ ಮೂರು ತಿಂಗಳಿಗೆ ಇಳಿಸಿದರೆ, ಹೊಸ ತಕ್ಕಡಿಯಲ್ಲಿ ಅರ್ಧ ಸೇರು ತೂಗಿ ಪೂರ್ತಿ ಸೇರೆಂದು ಬರೆದಂತೆ.

ಈಚೆಗೆ ನಾನು ನಡೆಸಿದ ತರಬೇತಿಗಳಲ್ಲಿ ಮೊದಲ ದಿನ ಬೆಳಿಗ್ಗೆ ಗಣಕಗಳನ್ನು ತೆರೆಯುವುದಿಲ್ಲ. ಆರು ಗಂಟೆಗೆ ಎಲ್ಲರನ್ನೂ ಮಹಡಿಗೆ ಕರೆದೊಯ್ಯುತ್ತೇನೆ. ಕಳೆದ ಬಾರಿ ಚಳಿಗಾಲ. ದೂರದ ಇಟ್ಟಿಗೆ ಗೂಡಿನ ಹೊಗೆ ಮೇಲೇರಲಾರದೆ, ಕೆಳಗಿಳಿಯಲಾರದೆ, ಪಂಚೆ ಹಾಸಿದಂತೆ ತೆಳ್ಳಗೆ ಅಡ್ಡಲಾಗಿ ಚಾಚಿತ್ತು. ಎಲ್ಲರೂ ಕಂಬಳಿ ಹೊದ್ದು ಚಹಾ ಕುಡಿಯುತ್ತ ನೋಡುತ್ತ ನಿಂತರು. ಬಿಸಿಲೇರಿ ಎಂಟೂವರೆ ದಾಟುತ್ತಿದ್ದಂತೆ ಆ ಹಾಸು ಒಮ್ಮೆಗೇ ಕದಡಿ, ಹೊಗೆ ತೋಟಗಳ ಮೇಲೆ, ಮನೆಗಳ ಮೇಲೆ ಇಳಿಯಿತು. ಬಾಯಲ್ಲಿ ಕಹಿ ತಿಳಿಯುವಷ್ಟು. ನೆಲ ಕಾದು, ಇರುಳು ಕಟ್ಟಿದ್ದ ತಣ್ಣನೆಯ ಪದರ ಕೆಳಗಿನಿಂದ ಕರಗುತ್ತ ಹೊಗೆಯ ಮಟ್ಟವನ್ನು ಮುಟ್ಟಿದ ಗಳಿಗೆ ಅದು.

ಹತ್ತು ಗಂಟೆಗೆ ಕೆಳಗೆ ಬಂದು ಕುಳಿತೆವು. ಗುಲಬರ್ಗಾ ಕಡೆಯ ಕಿರಿಯ ಇಂಜಿನಿಯರ್ ಹುಡುಗಿಯೊಬ್ಬಳು ಆಯ್ಕೆಗಳ ಪಟ್ಟಿಯನ್ನು ಎರಡು ಬಾರಿ ಮೇಲಿನಿಂದ ಕೆಳಗೆ ನೋಡಿ ಕೈಯೆತ್ತಿದಳು. “ಸಾರ್, ಎಂಟೂವರೆಗೆ ಮೇಲೆ ನೋಡಿದೆವಲ್ಲ, ಅದಕ್ಕೆ ಇಲ್ಲಿ ಯಾವ ಗುಂಡಿ?”

“ಇದರಲ್ಲಿ ಇಲ್ಲಮ್ಮ,” ಎಂದೆ. “ಏರ್‌ಮಾಡ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏರ್‌ಸ್ಕ್ರೀನ್ ಎಂಬ ಇದರ ಕಿರಿಯ ತಂತ್ರಾಂಶ ಹಿಡಿಯುತ್ತದೆ. ಅದನ್ನು ಬೇರೆಯಾಗಿಯೇ ಓಡಿಸಬೇಕು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಂತ ವರದಿಯಲ್ಲಿ ಬರೀಬೇಕಲ್ಲ ಸಾರ್?” ಎಂದು ಕೇಳಿದಳು, ನಾನು ಉತ್ತರಿಸುವ ಮೊದಲೇ ಬರೆದುಕೊಳ್ಳತೊಡಗಿದ್ದಳು.